ಬಿಸಿಲಿನ ಅಂಗಳಕ್ಕೆ ಬದುವಿನ ಹೂಗಳು: ತಂಗಡಿ, ತುಂಬೆ, ವಿಷ್ಣುಕ್ರಾಂತಿ ಬೆಳೆಸುವ ಬಗೆ

ಯುಗಾದಿ ಕಳೆಯುತ್ತಿದ್ದಂತೆ ಪ್ರತಿ ವರ್ಷ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಮನೆ ಮುಂದೆ ಬೆಳಗಿನಿಂದ ಸಂಜೆವರೆಗೆ ಬಿಸಿಲು, ಬೋರ್‌ವೆಲ್ ನೀರು ಬಳಕೆಗೇ ಸಾಲದು. ಇನ್ನು ಗುಲಾಬಿಗೆ, ಲಾನಿಗೆ ಸುರಿಯಲು ಎಲ್ಲಿಂದ ತರುವುದು? ನೀರು ಕೇಳದೆ ಹೂ ಬಿಡುವ ಗಿಡ ಯಾವುದಾದರೂ ಇದೆಯೇ?

ಇದೆ, ಬೇಕಾದಷ್ಟಿದೆ. ಹೊಲದ ಬದು, ಕೆರೆ ಏರಿ, ರೈಲು ಹಳಿಯ ಅಂಚು, ಗುಡ್ಡದ ಇಳಿಜಾರು, ಎಲ್ಲಿ ನೋಡಿದರೂ ಯಾರೂ ನೀರು ಹಾಕದ ಹೂಗಳು ಅರಳುತ್ತಲೇ ಇವೆ. ಅವನ್ನು ಅಂಗಳಕ್ಕೆ ಕರೆತರುವುದು ಕಷ್ಟವಲ್ಲ. ಆದರೆ ಅದೇ ಓದುಗರಿಂದ ಫೆಬ್ರವರಿಯಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: "ಬರ ತಡೆಯುತ್ತವೆ ಅಂದಿರಿ, ಎಲ್ಲ ಒಣಗಿ ಹೋದವಲ್ಲ?" ಈ ಎರಡನೆಯ ಪ್ರಶ್ನೆಗೆ ಉತ್ತರ ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಬರಹ ಬಯಲುಸೀಮೆಯವರಿಗೆ: ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆಯವರಿಗೆ, ಬೆಂಗಳೂರು ಮೈಸೂರಿನ ಹೊರವಲಯದವರಿಗೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನಲ್ಲೇ ದಿನ ದೂಡುವ ಚಳ್ಳಕೆರೆಗೂ, ಸುಮಾರು ಅದರ ಎರಡು ಪಟ್ಟು ಮಳೆ ಕಾಣುವ ಬೆಂಗಳೂರಿಗೂ ಇದೇ ಕ್ರಮ ನಡೆಯುತ್ತದೆ. ಮಲೆನಾಡು, ಕರಾವಳಿಯಲ್ಲಿ ಈ ಗಿಡಗಳಲ್ಲಿ ಹಲವು ಆಷಾಢದ ಮಳೆಗೇ ಕೊಳೆತುಹೋಗುತ್ತವೆ. ಅಲ್ಲಿಯವರು ಇದನ್ನು ಹಾಗೆಯೇ ಅನುಸರಿಸಬೇಡಿ.

ಬರ ತಡೆಯುವುದು ಎಂದರೆ ಏನು?

ಬದುವಿನ ಹೂಗಳು ಬೇಸಿಗೆಯನ್ನು ದಾಟುವುದಕ್ಕೆ ಮೂರು ದಾರಿ ಹಿಡಿದಿವೆ.

ಕೆಲವು ಎದೆ ಕೊಟ್ಟು ನಿಲ್ಲುತ್ತವೆ. ತಂಗಡಿ, ಮುಳ್ಳುಗೋರಂಟೆ, ಎಕ್ಕ ಇಂಥವು. ಬೇರು ಆಳಕ್ಕೆ ಇಳಿದಿರುತ್ತದೆ, ಏಪ್ರಿಲ್ ಬಿಸಿಲಿನಲ್ಲೂ ಗಿಡ ಹಸಿರಾಗಿರುತ್ತದೆ.

ಕೆಲವು ನೆಲದೊಳಗೆ ಮಲಗುತ್ತವೆ. ಗೌರಿ ಹೂ, ಅಂದರೆ ಅಗ್ನಿಶಿಖೆ, ಇಂಥದು. ಮಳೆ ಮುಗಿದ ಮೇಲೆ ಬಳ್ಳಿ ಒಣಗಿ ಮಾಯವಾಗುತ್ತದೆ, ಮಣ್ಣಿನಲ್ಲಿ ಗೆಡ್ಡೆ ಮಾತ್ರ ಉಳಿಯುತ್ತದೆ. ವಿಷ್ಣುಕ್ರಾಂತಿಯೂ ಕಡು ಬೇಸಿಗೆಯಲ್ಲಿ ಮೇಲಿನ ದಂಟು ಒಣಗಿಸಿಕೊಂಡು, ಗಟ್ಟಿ ಬುಡದಿಂದ ಮತ್ತೆ ಚಿಗುರಬಲ್ಲದು.

ಉಳಿದವು ಬರ ಬರುವುದರೊಳಗೆ ಬದುಕು ಮುಗಿಸುತ್ತವೆ. ತುಂಬೆ, ಅಣ್ಣೆ, ಹುಚ್ಚೆಳ್ಳು ಈ ಗುಂಪಿನವು. ಮಳೆಗೆ ಮೊಳೆತು, ಹೂ ಬಿಟ್ಟು, ಬೀಜ ಚೆಲ್ಲಿ ಒಣಗುತ್ತವೆ. ಅವು ಬೇಸಿಗೆ ಕಳೆಯುವುದು ಬೀಜದ ರೂಪದಲ್ಲಿ. ಫೆಬ್ರವರಿಯಲ್ಲಿ ನಿಮ್ಮ ತುಂಬೆ ಒಣಗಿದರೆ ಅದು ಸೋತಿಲ್ಲ, ಕೆಲಸ ಮುಗಿಸಿದೆ. ಅದಕ್ಕೆ ನೀರು ಸುರಿದು ಉಳಿಸಲು ಹೋಗುವುದು ಕೊಯ್ಲಾದ ರಾಗಿ ಹೊಲಕ್ಕೆ ನೀರು ಕಟ್ಟಿದ ಹಾಗೆ.

ಅಂಗಳದಲ್ಲಿ ಮೂರೂ ಗುಂಪಿನವು ಇರಬೇಕು. ಬರೀ ಮೂರನೆಯ ಗುಂಪನ್ನು ಬಿತ್ತಿದರೆ ಆರು ತಿಂಗಳು ಬಯಲು. ಬರೀ ಮೊದಲ ಗುಂಪಾದರೆ ಮಳೆಗಾಲದ ಸಿರಿ ಕಾಣುವುದಿಲ್ಲ.

ಏನೇನು ಬೇಕು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ. ಹತ್ತಡಿ ಉದ್ದ ಹತ್ತಡಿ ಅಗಲವಿದ್ದರೆ ಸಾಕು, ಮೊದಲ ವರ್ಷ ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ. ಸಲಿಕೆ, ಕುಡುಗೋಲು, ಕಳೆ ಕೊರೆಯುವ ಕುರ್ಜಿಗೆ. ಎರಡು ಬುಟ್ಟಿ ಒಣ ಮರಳು. ಕೈಗವಸು. ಬೀಜ ಒಣಗಿಸಲು ಹಳೆಯ ಪತ್ರಿಕೆ, ಕಾಗದದ ಲಕೋಟೆ. ಗೊಬ್ಬರ ಬೇಡ. ಇದನ್ನು ಮುಂದೆ ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಎಷ್ಟು ಹೇಳಿದರೂ ಒಂದು ಚೀಲ ಕೊಟ್ಟಿಗೆ ಗೊಬ್ಬರ ತಂದು ಸುರಿಯುವವರು ಇದ್ದೇ ಇರುತ್ತಾರೆ.

1. ಗಿಡ ಆರಿಸಿ, ಗುರುತು ಹಿಡಿಯಲು ಕಲಿಯಿರಿ

ಊರೂರಿಗೆ ಹೆಸರು ಬೇರೆಯಾಗುವುದರಿಂದ ಮೋಸ ಹೋಗುವುದು ಹೆಚ್ಚು ಇಲ್ಲೇ. ಹೆಸರಿಗಿಂತ ಗುರುತು ಮುಖ್ಯ.

ತಂಗಡಿಯಿಂದ ಶುರು ಮಾಡಿ. ತಂಗಟೆ, ಆವರಿಕೆ, ಹೊನ್ನಾವರಿಕೆ ಎಲ್ಲ ಇದೇ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ನಾಲ್ಕರಿಂದ ಆರು ಅಡಿ ಬೆಳೆಯುವ ಪೊದೆ, ಚಿನ್ನದ ಬಣ್ಣದ ಹೂ. ಎಲೆಯ ಬುಡ ನೋಡಿ: ಅಲ್ಲಿ ಕಿವಿಯಾಕಾರದ ಅಗಲ ಎಸಳು ಜೋಡಿಯಾಗಿ ಅಂಟಿಕೊಂಡಿರಬೇಕು. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು ಎಂದೇ ಅರ್ಥ. ಈ ಕಿವಿ ಇಲ್ಲದಿದ್ದರೆ ಅದು ತಂಗಡಿಯಲ್ಲ. ಹಳದಿ ಹೂವಿನ ಸೋದರರು ಬಹಳ ಇದ್ದಾರೆ. ಅವುಗಳಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಿಗೆ ನುಗ್ಗಿ ಹುಲ್ಲನ್ನೂ ಸಸಿಗಳನ್ನೂ ನುಂಗುತ್ತಿದೆ. ಚಂದದ ಹಳದಿ ಹೂ ಕಂಡಿತೆಂದು ಅದರ ಬೀಜ ತಂದುಬಿಡಬೇಡಿ.

ವಿಷ್ಣುಕ್ರಾಂತಿ ನೆಲಕ್ಕೆ ಹರಡುವ ಪುಟ್ಟ ಗಿಡ. ಸಣ್ಣ ಎಲೆ, ರೇಷ್ಮೆಯಂಥ ರೋಮ, ಉಗುರಿಗಿಂತ ಚಿಕ್ಕ ನೀಲಿ ಹೂ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನರ್ಸರಿಯಲ್ಲಿ ಇದೇ ಹೆಸರು ಹೇಳಿ ದೊಡ್ಡ ನೀಲಿ ಹೂವಿನ ಗಿಡ ಕೊಡುತ್ತಾರೆ. ಅದು ಬ್ರೆಜಿಲ್ ಕಡೆಯ ನೆಂಟ. ಅದರಿಂದ ಹಾನಿಯೇನಿಲ್ಲ, ಆದರೆ ನೀರು ತಪ್ಪಿದರೆ ನಮ್ಮದರಷ್ಟು ತಾಳುವುದಿಲ್ಲ.

ತುಂಬೆಯನ್ನು ಪರಿಚಯಿಸಬೇಕಿಲ್ಲ. ಶಿವನಿಗೆ ಏರಿಸುವ ಬಿಳಿ ಹೂ, ಒಂದೂವರೆ ಅಡಿಯ ಗಿಡ, ಗೆಣ್ಣಿಗೊಂದು ಚೆಂಡು. ಅಣ್ಣೆ ರಾಗಿ ಹೊಲದಲ್ಲಿ ಗುಲಾಬಿ ತುದಿಯ ಬೆಳ್ಳಿ ಜುಟ್ಟಿನಂತೆ ನಿಲ್ಲುವ ಗಿಡ. ಅದರ ಎಳೆ ಸೊಪ್ಪನ್ನು ಸಾರು ಮಾಡಿ ಉಂಡವರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಮುಳ್ಳುಗೋರಂಟೆಯ ಹಳದಿ ಹೂ ಅಕ್ಟೋಬರ್‌ನಿಂದ ಚಳಿಗಾಲದುದ್ದಕ್ಕೂ ಬರುತ್ತದೆ, ಉಳಿದವು ಸೊರಗುವ ಹೊತ್ತಿನಲ್ಲಿ ಅಂಗಳ ಹಿಡಿದುಕೊಳ್ಳುವುದು ಅದೇ. ಗಿಜಿಗಿಜಿ ಗಿಡ ಎಂದರೆ ಒಣ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಸದ್ದು ಮಾಡುವುದು. ಬೇಲಿಗೆ ಹಬ್ಬಿಸಲು ಶಂಖಪುಷ್ಪ ಮತ್ತು ಗೌರಿ ಹೂ.

ಮೊದಲ ವರ್ಷಕ್ಕೆ ಐದು ಸಾಕು: ತಂಗಡಿ, ಮುಳ್ಳುಗೋರಂಟೆ, ವಿಷ್ಣುಕ್ರಾಂತಿ, ತುಂಬೆ, ಅಣ್ಣೆ.

ಅಂಗಡಿಯಲ್ಲಿ ಕಾಡುಹೂವಿನ ಮಿಶ್ರಣ ಎಂದು ಸಿಗುವ ಬಣ್ಣದ ಪೊಟ್ಟಣಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲಿಫೋರ್ನಿಯಾ ಪಾಪಿ, ಲೂಪಿನ್, ಕಾಸ್ಮಾಸ್. ಪಾಪಿ, ಲೂಪಿನ್‌ಗಳಿಗೆ ತಣ್ಣನೆಯ ದಿನಗಳು ಬೇಕು, ಜೂನ್‌ನಲ್ಲಿ ಬಿತ್ತಿದರೆ ಮಳೆಗೆ ಕರಗುತ್ತವೆ. ಹಳದಿ-ಕಿತ್ತಳೆ ಕಾಸ್ಮಾಸ್ ಮೆಕ್ಸಿಕೋದಿಂದ ಬಂದದ್ದು, ಅದು ಚೆನ್ನಾಗಿಯೇ ಬೆಳೆಯುತ್ತದೆ. ತೊಂದರೆಯೂ ಅದೇ: ಅಂಗಳ ದಾಟಿ ರಸ್ತೆ ಬದಿ, ಗುಡ್ಡದ ಬುಡ ಎಲ್ಲೆಡೆ ಹಬ್ಬುತ್ತದೆ. ಲಾಂಟಾನವೂ ಹೂವಿನ ಅಲಂಕಾರಕ್ಕೆಂದೇ ಬಂದದ್ದು. ಈಗ ಅದು ನಮ್ಮ ಕಾಡುಗಳಿಗೆ ಏನು ಮಾಡಿದೆ ಎಂದು ಬಂಡೀಪುರದ ರಸ್ತೆಯಲ್ಲಿ ಹೋದ ಯಾರಿಗೂ ಹೇಳಬೇಕಿಲ್ಲ. ಮಕ್ಕಳು ನೀರಿಗೆ ಹಾಕಿ ಪಟಪಟ ಸಿಡಿಸುವ ಕಾಯಿಯ ನೇರಳೆ ಹೂವಿನ ಗಿಡ ರುಯೆಲ್ಲಿಯಾ ಕೂಡ ಹೊರಗಿನದೇ. ಒಮ್ಮೆ ಗೆಡ್ಡೆ ಬೇರು ಬಿಟ್ಟರೆ ಕಿತ್ತು ಮುಗಿಸುವುದು ಬಲು ಕಷ್ಟ.

2. ಬೀಜ ಕೂಡಿಸಿ

ಬದುವಿನ ಹೂವಿನ ಬೀಜ ಅಂಗಡಿಯಲ್ಲಿ ಸಿಗುವುದು ಅಪರೂಪ. ನೀವೇ ಕೂಡಿಸಬೇಕು. ಅದಕ್ಕೆ ಹೊತ್ತು ನವೆಂಬರ್‌ನಿಂದ ಫೆಬ್ರವರಿ. ಅಂದರೆ ಈ ಜೂನ್‌ಗೆ ಬಿತ್ತಬೇಕೆಂದರೆ ಕಳೆದ ಚಳಿಗಾಲದಲ್ಲೇ ಕೈ ಹಾಕಿರಬೇಕು. ಆ ಹೊತ್ತು ತಪ್ಪಿದ್ದರೂ ತಂಗಡಿ ಸಿಗುತ್ತದೆ, ಅದರ ಚಪ್ಪಟೆ ಕಂದು ಕಾಯಿ ಮಾರ್ಚ್, ಏಪ್ರಿಲ್‌ನಲ್ಲೂ ಗಿಡದಲ್ಲಿ ನೇತಾಡುತ್ತಿರುತ್ತದೆ.

ತುಂಬೆಯ ಒಣಗಿದ ಚೆಂಡನ್ನು ಲಕೋಟೆಯೊಳಗೆ ತಲೆಕೆಳಗೆ ಹಿಡಿದು ತಟ್ಟಿದರೆ ಕಂದು ಬೀಜ ಉದುರುತ್ತದೆ. ಅಣ್ಣೆಯ ಜುಟ್ಟನ್ನು ಹಾಗೆಯೇ ಬಗ್ಗಿಸಿ ಒದರಿದರೆ ಹೊಳೆಯುವ ಕಪ್ಪು ಬೀಜ. ಮುಳ್ಳುಗೋರಂಟೆಯ ಕಾಯಿ ಬಲಿತಾಗ ತಾನೇ ಸಿಡಿಯುತ್ತದೆ, ಹಾಗಾಗಿ ಕಂದು ಬಣ್ಣಕ್ಕೆ ತಿರುಗುವಾಗಲೇ ಗೊಂಚಲಿಗೆ ತೆಳುಬಟ್ಟೆ ಕಟ್ಟಿಬಿಡಿ. ಬೀಜ ಸಿಗದಿದ್ದರೂ ಚಿಂತೆಯಿಲ್ಲ, ಜೂನ್‌ನಲ್ಲಿ ಅದರ ಗೇಣುದ್ದದ ಕಡ್ಡಿ ಊರಿದರೆ ಸುಲಭವಾಗಿ ಬೇರು ಬಿಡುತ್ತದೆ.

ಎರಡು ನಿಯಮ ಮುರಿಯಬೇಡಿ. ಒಂದು ಜಾಗದಲ್ಲಿ ಹತ್ತು ಗಿಡವಿದ್ದರೆ ಒಂದರ ಬೀಜದಷ್ಟು ಮಾತ್ರ ತೆಗೆಯಿರಿ. ಕಾಡಿನೊಳಗಿಂದ ಏನನ್ನೂ ತರಬೇಡಿ, ಅದು ಕಾನೂನಿಗೂ ವಿರುದ್ಧ. ಗೌರಿ ಹೂವಿನ ಗೆಡ್ಡೆಯನ್ನು ಔಷಧಿಗೆಂದು ಅಗೆದು ಅಗೆದೇ ಎಷ್ಟೋ ಗುಡ್ಡಗಳಲ್ಲಿ ಅದು ವಿರಳವಾಗಿದೆ. ಬೇಕಿದ್ದರೆ ಅದನ್ನು ಬೆಳೆಸುವವರಿಂದಲೇ ಕೊಳ್ಳಿ.

3. ನೆಲ ನೋಡಿ

ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ಗಡಿಯಾರ ನೋಡಿ. ಮೂರು ನಾಲ್ಕು ಗಂಟೆಯೊಳಗೆ ಇಂಗಿದರೆ ನಿಮ್ಮ ನೆಲ ಚೆನ್ನಾಗಿದೆ. ಮರುದಿನವೂ ನೀರು ನಿಂತಿದ್ದರೆ ನೆಲದ ಮಟ್ಟದಲ್ಲಿ ಬಿತ್ತಬೇಡಿ. ಗರಸು, ಮರಳು, ಒಡೆದ ಇಟ್ಟಿಗೆ ಚೂರು ಸೇರಿಸಿ ಅರ್ಧದಿಂದ ಒಂದಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಬೆಳೆಸಿ. ಬಳ್ಳಾರಿ, ಗದಗ ಕಡೆಯ ಎರೆ ಭೂಮಿಯವರಿಗೆ ಈ ದಿಬ್ಬ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಇಂಥ ಗಿಡಗಳನ್ನು ಬರಕ್ಕಿಂತ ಹೆಚ್ಚಾಗಿ ಕೊಲ್ಲುವುದು ಬೇರಿನ ಸುತ್ತ ನಿಂತ ನೀರು.

ಕೆಮ್ಮಣ್ಣು, ಕಲ್ಲು ಮಿಶ್ರಿತ ಬಡ ಮಣ್ಣು ನಿಮ್ಮದಾಗಿದ್ದರೆ ನೀವು ಅದೃಷ್ಟವಂತರು, ಏನೂ ಸೇರಿಸಬೇಡಿ. ಹೊಸ ಮನೆಯ ಸೈಟಾಗಿದ್ದರೆ ಸಿಮೆಂಟು, ಸುಣ್ಣದ ಪುಡಿ ಬಿದ್ದ ಮೇಲಿನ ಅರ್ಧ ಅಡಿ ಮಣ್ಣನ್ನು ಕೆರೆದು ಹಾಕಿ.

ಈಗ ಗೊಬ್ಬರದ ಮಾತು. ಬಡ ಮಣ್ಣಿಗೆ ಒಗ್ಗಿದ ಗಿಡಕ್ಕೆ ಗೊಬ್ಬರ ಸಿಕ್ಕರೆ ಅದು ಎಲೆ ಬೆಳೆಸುತ್ತದೆ, ಮೆದುವಾಗಿ ಉದ್ದ ಹೋಗಿ ಮೊದಲ ಗಾಳಿಗೆ ಮಲಗುತ್ತದೆ, ಹೂ ಕಡಿಮೆಯಾಗುತ್ತದೆ. ಜತೆಗೆ ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದಲ್ಲಿ ಪಾರ್ಥೇನಿಯಂ ಬೀಜ ಬರುತ್ತದೆ. ಯೂರಿಯಾ, ಡಿಎಪಿಯಂತೂ ಹತ್ತಿರ ಸುಳಿಯಬಾರದು.

4. ಕಳೆಯನ್ನು ಬಿತ್ತನೆಗೆ ಮೊದಲೇ ಸೋಲಿಸಿ

ಎಲ್ಲ ಹಂತಗಳಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು, ಜನ ಹಾರಿಸಿಬಿಡುವುದೂ ಇದನ್ನೇ. ನಾನು ಮೊದಲ ಬಾರಿ ಬಿತ್ತಿದಾಗ ಹಾರಿಸಿದ್ದೆ. ಆಗಸ್ಟ್ ಹೊತ್ತಿಗೆ ಪಾರ್ಥೇನಿಯಂ ಮೊಣಕಾಲೆತ್ತರ ಬಂದಿತ್ತು, ನಡುವೆ ತುಂಬೆ ಎಲ್ಲಿದೆ ಎಂದು ಹುಡುಕಬೇಕಾಯಿತು.

ನಿಮ್ಮ ಮಣ್ಣಿನಲ್ಲಿ ಈಗಾಗಲೇ ಸಾವಿರಾರು ಕಳೆ ಬೀಜ ಕಾಯುತ್ತಿವೆ. ಅವನ್ನು ಬೇಕೆಂದೇ ಮೊಳೆಸಿ, ಮೊಳೆತದ್ದನ್ನು ಕೊರೆದು ಹಾಕಬೇಕು. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದಂತಿದೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಭರಣಿ. ಆ ಹದ ಮಳೆಗೆ ಮೊದಲ ಕಳೆ ಏಳುತ್ತದೆ. ಎರಡು ಎಲೆ ಬಿಟ್ಟಾಗ ಕುರ್ಜಿಗೆಯಿಂದ ಮೇಲ್ಮಣ್ಣನ್ನು ಒಂದು ಬೆರಳಗಲ ಮಾತ್ರ ಕೆರೆಯಿರಿ. ಮೇ 11ರ ಸುಮಾರಿಗೆ ಕೃತ್ತಿಕೆ ಬರುತ್ತದೆ, ಎರಡನೆಯ ಕಳೆ ಏಳುತ್ತದೆ, ಮತ್ತೆ ಕೆರೆಯಿರಿ. ಆಳಕ್ಕೆ ಅಗೆಯಬೇಡಿ, ಅಗೆದಷ್ಟೂ ಕೆಳಗಿನ ಹೊಸ ಬೀಜ ಮೇಲೆ ಬರುತ್ತದೆ. ಮಳೆ ಕೈಕೊಟ್ಟರೆ ಬಕೆಟ್ಟಿನಿಂದ ನೀರು ಚಿಮುಕಿಸಿ ಮೊಳೆಸಿ, ಈ ಹಂತದಲ್ಲಿ ನೀರು ಖರ್ಚಾದರೂ ಅದು ದಂಡವಲ್ಲ.

ಗರಿಕೆ ಮತ್ತು ಜೇಕು ಈ ಉಪಾಯಕ್ಕೆ ಬಗ್ಗುವುದಿಲ್ಲ. ಜೇಕಿನ ಗೆಡ್ಡೆಯನ್ನು ಕೈಯಲ್ಲೇ ಅಗೆದು ಆಯಬೇಕು. ಜಾಗ ತುಂಬ ಕೆಟ್ಟಿದ್ದರೆ ಮಾರ್ಚ್ ಕೊನೆಗೆ ನೆಲ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ಐದಾರು ವಾರ ಬಿಡಿ. ಹಾಳೆಯ ಕೆಳಗೆ ಬಿಸಿಲಿನ ಕಾವು ಸೇರಿಕೊಂಡು ಕಳೆ ಬೀಜಗಳನ್ನು ಬೇಯಿಸುತ್ತದೆ. ಕೃಷಿ ವಿಜ್ಞಾನಿಗಳು ಇದನ್ನು ಮಣ್ಣಿನ ಸೌರೀಕರಣ ಎನ್ನುತ್ತಾರೆ. ಕಪ್ಪು ಹಾಳೆಗೆ ಅಷ್ಟು ಕಾವು ಬರುವುದಿಲ್ಲ. ಇದರಿಂದ ಜೇಕು ಕುಗ್ಗುತ್ತದೆ, ಪೂರಾ ಹೋಗುವುದಿಲ್ಲ. ಆಯುವ ಕೆಲಸ ಆಮೇಲೂ ಇದ್ದೇ ಇದೆ.

ಪಾರ್ಥೇನಿಯಂ ಕೀಳುವಾಗ ಕೈಗವಸು ಹಾಕಿ, ಹೂ ಬಿಡುವ ಮೊದಲೇ ಕಿತ್ತುಬಿಡಿ. ಮನೆಯಲ್ಲಿ ಉಬ್ಬಸ, ಚರ್ಮದ ಅಲರ್ಜಿ ಇದ್ದವರು ಈ ಕೆಲಸಕ್ಕೆ ಇಳಿಯಬಾರದು.

5. ಗಟ್ಟಿ ಬೀಜವನ್ನು ಎಬ್ಬಿಸಿ

ತಂಗಡಿ, ಶಂಖಪುಷ್ಪ, ಗಿಜಿಗಿಜಿಯ ಬೀಜಗಳಿಗೆ ನೀರು ಒಳಬಿಡದ ಸಿಪ್ಪೆ ಇರುತ್ತದೆ. ಹಾಗೆಯೇ ಬಿತ್ತಿದರೆ ಕೆಲವು ಈ ವರ್ಷ, ಕೆಲವು ಮೂರನೆಯ ವರ್ಷ ಮೊಳೆಯುತ್ತವೆ. ಬಯಲಿನಲ್ಲಿ ಅದು ಜಾಣತನ, ಒಂದು ಮಳೆ ನಂಬಿ ಎಲ್ಲ ಬೀಜ ಕಳೆದುಕೊಳ್ಳುವುದಿಲ್ಲ. ಆದರೆ ನಿಮಗೆ ಈ ವರ್ಷವೇ ಗಿಡ ಬೇಕಲ್ಲ.

ನೀರು ಕುದಿಸಿ ಒಲೆಯಿಂದ ಇಳಿಸಿ. ಐದು ನಿಮಿಷ ಬಿಟ್ಟು ಬೀಜದ ಮೇಲೆ ಸುರಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ಉಬ್ಬಿದವು ಬಿತ್ತನೆಗೆ ಸಿದ್ಧ. ಉಬ್ಬದವನ್ನು ಮರಳುಕಾಗದದ ಮೇಲೆ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಿ. ಕುದಿಯುತ್ತಿರುವಾಗಲೇ ಹಾಕಿದರೆ ಬೀಜ ಬೆಂದುಹೋಗುತ್ತದೆ. ತುಂಬೆ, ಅಣ್ಣೆಗೆ ಇದ್ಯಾವುದೂ ಬೇಡ. ತುಂಬೆಯಲ್ಲಿ ನಾನು ಕಂಡದ್ದೆಂದರೆ, ಆಗತಾನೆ ಕೂಡಿಸಿದ ಬೀಜಕ್ಕಿಂತ ಒಂದು ಬೇಸಿಗೆ ಕಂಡ ಬೀಜ ಚೆನ್ನಾಗಿ ಏಳುತ್ತದೆ.

ತಂಗಡಿಯನ್ನು ನೇರವಾಗಿ ನೆಲದಲ್ಲೇ ಬಿತ್ತುವುದು ಒಳ್ಳೆಯದು, ಏಕೆಂದರೆ ಅದರ ತಾಯಿಬೇರು ಬೇಗ ಕೆಳಗಿಳಿಯುತ್ತದೆ. ಚೀಲದಲ್ಲಿ ಬೆಳೆಸುವುದಾದರೆ ಏಪ್ರಿಲ್ ಕೊನೆಯಲ್ಲಿ ಉದ್ದನೆಯ ಚೀಲದಲ್ಲಿ ಹಾಕಿ, ಎರಡು ತಿಂಗಳೊಳಗೆ ನೆಲಕ್ಕೆ ಇಳಿಸಿ. ವರ್ಷಗಟ್ಟಲೆ ನರ್ಸರಿ ಚೀಲದಲ್ಲಿ ಬೇರು ಸುತ್ತಿಕೊಂಡ ಗಿಡ ತಂದರೆ ಅದು ನೋಡಲು ಎತ್ತರವಿರುತ್ತದೆ, ಬರ ಮಾತ್ರ ತಡೆಯುವುದಿಲ್ಲ.

6. ಬಿತ್ತನೆ

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಮೇ 25ರ ಸುಮಾರಿಗೆ ಹುಟ್ಟುವ ಆ ರೋಹಿಣಿಯಿಂದ ಜೂನ್ ಎರಡನೆಯ ವಾರದ ಮೃಗಶಿರದವರೆಗೆ ನಿಮ್ಮ ಬಿತ್ತನೆಯ ಹೊತ್ತು. ಒಂದು ಹದ ಮಳೆ ಬಿದ್ದು, ಮತ್ತೊಂದು ಬರುವ ಲಕ್ಷಣ ಇರುವಾಗ ಬಿತ್ತಿ. ಒಣ ನೆಲದಲ್ಲಿ ಬಿತ್ತಿ ಕಾಯುತ್ತ ಕುಳಿತರೆ ಇರುವೆಗಳು ಒಂದೇ ರಾತ್ರಿಯಲ್ಲಿ ಹೊತ್ತೊಯ್ಯುತ್ತವೆ.

ಮೊದಲು ದೊಡ್ಡವಕ್ಕೆ ಜಾಗ ಗೊತ್ತು ಮಾಡಿ. ನೂರು ಚದರಡಿಗೆ ತಂಗಡಿ ಎರಡು, ಹಿಂಬದಿಯಲ್ಲಿ, ನಡುವೆ ಐದಡಿ ಅಂತರ. ಒಂದೊಂದು ಗುಣಿಗೆ ಮೂರು ಬೀಜ ಹಾಕಿ, ಎದ್ದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ. ಮುಳ್ಳುಗೋರಂಟೆ ಎರಡಡಿಗೆ ಒಂದು, ಆದರೆ ಮಕ್ಕಳು ಓಡಾಡುವ ದಾರಿಯ ಅಂಚಿನಲ್ಲಿ ಬೇಡ, ಅದರ ಮುಳ್ಳು ಚೂಪು. ವಿಷ್ಣುಕ್ರಾಂತಿ ಮುಂದಿನ ಸಾಲಿಗೆ, ಕಲ್ಲಿನ ಸಂದುಗಳಿಗೆ. ಎತ್ತರದ ಗಿಡಗಳ ನೆರಳಿಗೆ ಅದನ್ನು ತಳ್ಳಿದರೆ ಹೂವೇ ಬಿಡುವುದಿಲ್ಲ.

ಉಳಿದ ಜಾಗಕ್ಕೆ ತುಂಬೆ ಎರಡು ಟೀ ಚಮಚ, ಅಣ್ಣೆ ಅರ್ಧ ಚಮಚ. ಅಣ್ಣೆ ಹೆಚ್ಚಾದರೆ ಉಳಿದವನ್ನು ಮುಚ್ಚಿಬಿಡುತ್ತದೆ, ಕೈ ಬಿಗಿ ಹಿಡಿಯಿರಿ. ಬೀಜಕ್ಕೆ ಹತ್ತು ಪಟ್ಟು ಒಣ ಮರಳು ಬೆರೆಸಿ, ಅರ್ಧವನ್ನು ಪೂರ್ವ-ಪಶ್ಚಿಮವಾಗಿ, ಉಳಿದರ್ಧವನ್ನು ಉತ್ತರ-ದಕ್ಷಿಣವಾಗಿ ಎರಚಿ. ಮರಳು ಬಿದ್ದ ಗುರುತಿನಿಂದ ಎಲ್ಲಿ ಬಿತ್ತಿದ್ದೀರಿ ಎಂದು ಗೊತ್ತಾಗುತ್ತದೆ. ಆಮೇಲೆ ಮಣ್ಣು ಮುಚ್ಚಬೇಡಿ. ಈ ಸಣ್ಣ ಬೀಜಗಳು ಅರ್ಧ ಇಂಚು ಕೆಳಗೆ ಹೋದರೂ ಏಳುವುದಿಲ್ಲ. ಒಂದು ಹಲಗೆ ಇಟ್ಟು ಅದರ ಮೇಲೆ ನಡೆದಾಡಿ ಬೀಜ ಮಣ್ಣಿಗೆ ಅಂಟುವಂತೆ ಒತ್ತಿದರೆ ಸಾಕು.

ಗೌರಿ ಹೂವಿನ ಗೆಡ್ಡೆಯನ್ನೂ ಈಗಲೇ ನೆಡಬೇಕು. ಕವಲೊಡೆದ ಬೆರಳಿನಂತಿರುವ ಗೆಡ್ಡೆಯ ತುದಿಯಲ್ಲಿ ಮೊಳಕೆ ಇರುತ್ತದೆ, ಆ ತುದಿ ಮುರಿದರೆ ಗೆಡ್ಡೆ ಏಳುವುದಿಲ್ಲ. ಮೂರು ಇಂಚು ಆಳದಲ್ಲಿ ಅಡ್ಡಲಾಗಿ ಮಲಗಿಸಿ, ಪಕ್ಕದಲ್ಲಿ ಒಂದು ಗುರುತಿನ ಕಲ್ಲು ಇಡಿ.

ಎಚ್ಚರಿಕೆ. ಗೌರಿ ಹೂವಿನ ಇಡೀ ಗಿಡ, ಅದರಲ್ಲೂ ಗೆಡ್ಡೆ, ಕಾಲ್ಚಿಸಿನ್ ಎಂಬ ವಿಷದಿಂದ ಕೂಡಿದೆ. ಗೆಣಸೆಂದು ತಿಳಿದು ತಿಂದರೆ ಜೀವ ಹೋಗಬಹುದು. ಸಣ್ಣ ಮಕ್ಕಳು, ಅಗೆಯುವ ನಾಯಿ ಇರುವ ಮನೆಯಲ್ಲಿ ಇದನ್ನು ನೆಡಲೇಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಗಿಜಿಗಿಜಿ ಗಿಡ ದನಕರುಗಳಿಗೆ ಆಗದು, ಕೊಟ್ಟಿಗೆಯ ಹತ್ತಿರ ಹಾಕಬೇಡಿ.

7. ಮೊದಲ ವರ್ಷದ ನೀರು

ಬರ ತಡೆಯುವ ಗಿಡವೂ ಹುಟ್ಟಿನಿಂದಲೇ ಬರ ತಡೆಯುವುದಿಲ್ಲ. ಬೇರು ಇಳಿಯುವವರೆಗೆ ಅದು ಉಳಿದೆಲ್ಲ ಸಸಿಗಳಂತೆಯೇ.

ಬಿತ್ತಿದ ಮೂರು ವಾರ ಮೇಲ್ಮಣ್ಣು ಒಣಗಲು ಬಿಡಬೇಡಿ. ಮಳೆ ಇಲ್ಲದ ದಿನ ಪೂವಾಳಿಯಿಂದ, ಅಂದರೆ ತೂತು ಮೂತಿಯ ನೀರಿನ ಡಬ್ಬಿಯಿಂದ, ಮೆಲ್ಲಗೆ ಚಿಮುಕಿಸಿ. ಪೈಪು ಹಿಡಿದರೆ ಬೀಜ ಒಂದೆಡೆ ಕೊಚ್ಚಿಹೋಗುತ್ತದೆ. ಸಸಿ ನಾಲ್ಕು ಎಲೆ ಬಿಟ್ಟ ಮೇಲೆ ಕ್ರಮ ಬದಲಿಸಿ: ದಿನಾ ಸ್ವಲ್ಪ ಕೊಡುವುದನ್ನು ನಿಲ್ಲಿಸಿ, ಹತ್ತು ದಿನ ಮಳೆಯೇ ಬರದಿದ್ದರೆ ಒಮ್ಮೆ ಚೆನ್ನಾಗಿ ನೆನೆಯುವಂತೆ ಕೊಡಿ. ಮೇಲೆ ಮೇಲೆ ನೀರು ಸಿಕ್ಕರೆ ಬೇರು ಮೇಲೆಯೇ ಉಳಿಯುತ್ತದೆ, ಆಳದಲ್ಲಿ ತೇವವಿದ್ದರೆ ಹುಡುಕಿಕೊಂಡು ಇಳಿಯುತ್ತದೆ. ಬುಡ ಕಪ್ಪಾಗಿ ಸಸಿಗಳು ಗುಂಪುಗುಂಪಾಗಿ ಮಲಗಿದರೆ ಅದು ಅತಿ ನೀರಿನಿಂದ ಬಂದ ಬೂಷ್ಟು ರೋಗ. ಔಷಧಿ ಹುಡುಕಬೇಡಿ, ನೀರು ನಿಲ್ಲಿಸಿ.

ಮೊದಲ ಬೇಸಿಗೆಯಲ್ಲಿ ತಂಗಡಿ, ಮುಳ್ಳುಗೋರಂಟೆಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ 8–10 ಲೀಟರ್. ಎರಡನೆಯ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಮೂರನೆಯದರಿಂದ ಬಿಟ್ಟುಬಿಡಿ. ಗೌರಿ ಹೂವಿನ ಗೆಡ್ಡೆ ಮಲಗಿರುವ ಜಾಗಕ್ಕೆ ಡಿಸೆಂಬರ್‌ನಿಂದ ಮೇ ತನಕ ಒಂದು ತೊಟ್ಟೂ ಬೇಡ, ಕೊಳೆಯುತ್ತದೆ.

ಶಿವರಾತ್ರಿಗೆ ಮನೆಯದೇ ತುಂಬೆ ಹೂ ಬೇಕು ಎನ್ನುವವರು ತುಂಬ ಜನ. ಜೂನ್‌ನ ತುಂಬೆ ಅಷ್ಟು ಹೊತ್ತಿಗೆ ಒಣಗಿರುತ್ತದೆ. ಅದಕ್ಕಾಗಿ ಸ್ವಲ್ಪ ಬೀಜ ಉಳಿಸಿಕೊಂಡು, ಸೆಪ್ಟೆಂಬರ್ ಕೊನೆಯ ಹಸ್ತ ಮಳೆಗೆ ಬೇರೆ ಪುಟ್ಟ ಮಡಿಯಲ್ಲಿ ಬಿತ್ತಿ, ಆ ಮಡಿಗೆ ಮಾತ್ರ ವಾರಕ್ಕೊಮ್ಮೆ ನೀರು ಕೊಡಿ.

8. ಹುಳು ತಿನ್ನಲಿ, ಬಿಡಿ

ಆಗಸ್ಟ್‌ನಲ್ಲಿ ತಂಗಡಿಯ ಎಲೆಗಳನ್ನು ಹಸಿರು ಹುಳುಗಳು ತಿನ್ನುತ್ತವೆ. ಅವು ತಿಳಿಹಳದಿ ಚಿಟ್ಟೆಗಳ ಮರಿಗಳು. ಗಿಡ ಬೋಳಾದರೂ ಎರಡು ಮೂರು ವಾರದಲ್ಲಿ ಚಿಗುರುತ್ತದೆ. ಎಕ್ಕದ ಎಲೆಯ ಮೇಲಿನ ಪಟ್ಟೆ ಹುಳು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯದು. ಗಿಜಿಗಿಜಿ ಗಿಡಕ್ಕೆ ಆ ಜಾತಿಯ ಗಂಡು ಚಿಟ್ಟೆಗಳು ಮುತ್ತಿಕೊಂಡು ಎಲೆಯ ರಸ ಹೀರುತ್ತವೆ, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ಸಾರ ಅವಕ್ಕೆ ಸಿಗುವುದು ಅದರಿಂದಲೇ.

ತಂಗಡಿ ಹೂವಿನಲ್ಲಿ ಜೇನಿಲ್ಲ, ಪರಾಗ ಮಾತ್ರ. ಅದೂ ಸಣ್ಣ ರಂಧ್ರವುಳ್ಳ ಕೊಳವೆಯೊಳಗೆ. ಕಪ್ಪು ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಝೇಂಕರಿಸಿದರೆ ಆ ನಡುಕಕ್ಕೆ ಪರಾಗ ಚಿಮ್ಮುತ್ತದೆ. ಬೆಳಗ್ಗೆ ಗಿಡದ ಪಕ್ಕ ಐದು ನಿಮಿಷ ನಿಂತರೆ ನಿಮ್ಮ ಕಿವಿಗೇ ಕೇಳಿಸುತ್ತದೆ. ಕೀಟನಾಶಕ ಒಂದು ಸಲ ಹೊಡೆದರೆ ಈ ದುಂಬಿ ಹೋಯಿತು, ದುಂಬಿ ಹೋದರೆ ಕಾಯಿ ಕಟ್ಟುವುದು ಕುಗ್ಗುತ್ತದೆ, ಮುಂದಿನ ವರ್ಷದ ಬೀಜ ಹೋಯಿತು. ಬೇವಿನೆಣ್ಣೆಯೂ ಬೇಡ.

9. ಒಣಗಿದ ಅಂಗಳವನ್ನು ನೋಡಿಕೊಳ್ಳುವುದು

ಡಿಸೆಂಬರ್ ಕಳೆದಂತೆ ತುಂಬೆ, ಅಣ್ಣೆ ಕಂದಾಗುತ್ತವೆ. ಮನೆಯವರೋ ನೆರೆಯವರೋ "ಕಳೆ ಬೆಳೆದು ನಿಂತಿದೆ, ಹಾವು ಬರುತ್ತದೆ" ಎನ್ನುವುದು ಆಗಲೇ. ಅವರ ಆತಂಕ ತಪ್ಪಲ್ಲ, ಅದಕ್ಕೆ ಉತ್ತರ ಅಂಗಳದಲ್ಲೇ ಇರಬೇಕು. ಪಾತಿಯ ಸುತ್ತ ಕಲ್ಲು ಜೋಡಿಸಿ, ಎರಡಡಿ ಅಗಲದ ದಾರಿಯನ್ನು ಸದಾ ಗುಡಿಸಿದಂತೆ ಇಡಿ. ಗೋಡೆಗೂ ಪಾತಿಗೂ ನಡುವೆ ಮೂರಡಿ ಬಯಲು ಇರಲಿ, ಒಣಗಿದ ಕಡ್ಡಿಗೆ ಬೆಂಕಿ ತಾಗುವ ಭಯಕ್ಕೂ ಅದೇ ಉಪಾಯ.

ಒಣಗಿದ ಕೂಡಲೇ ಕತ್ತರಿಸಬೇಡಿ. ಬೀಜ ಪೂರಾ ಉದುರಲಿ, ಮುನಿಯ ಹಕ್ಕಿಗಳು ಬಂದು ತಮ್ಮ ಪಾಲು ತಿನ್ನಲಿ. ಜನವರಿ ಕೊನೆಗೆ ನೆಲಮಟ್ಟಕ್ಕೆ ಕೊಯ್ದು, ಕಡ್ಡಿಗಳನ್ನು ತಂಗಡಿಯ ಬುಡಕ್ಕೆ ಮುಚ್ಚಿಗೆಯಾಗಿ ಹಾಕಿ. ಬೀಜ ಬಿದ್ದ ಜಾಗಕ್ಕೆ ಮುಚ್ಚಿಗೆ ಬೇಡ, ಮೊಳಕೆ ಮೇಲೇಳಲಾರದು. ಮುಳ್ಳುಗೋರಂಟೆಯನ್ನು ಹೂ ಮುಗಿದ ಮೇಲೆ ಅರ್ಧಕ್ಕೆ, ತಂಗಡಿಯನ್ನು ಮೇ ತಿಂಗಳಲ್ಲಿ ಮೂರರಲ್ಲೊಂದು ಭಾಗ ಸವರಿ.

ಮುಂದಿನ ಮಳೆಗೆ ತುಂಬೆ, ಅಣ್ಣೆ ತಾವೇ ಏಳುತ್ತವೆ. ಹಾಗಾಗಿ ಎರಡನೆಯ ವರ್ಷದಿಂದ ನಾಲ್ಕನೆಯ ಹಂತದ ಕೆರೆಯುವ ಕೆಲಸ ಮಾಡುವಂತಿಲ್ಲ, ಕೈಯಿಂದಲೇ ಆಯ್ದು ಕಳೆ ತೆಗೆಯಬೇಕು. ಇದಕ್ಕೆ ಸಸಿಗಳ ಗುರುತು ಬೇಕು: ಮೊದಲ ವರ್ಷ ಪ್ರತಿ ಜಾತಿಯ ಹತ್ತು ಬೀಜವನ್ನು ಒಂದೊಂದು ಕುಂಡದಲ್ಲಿ ಹೆಸರು ಬರೆದು ಬಿತ್ತಿ, ಎಳೆ ಸಸಿ ಹೇಗಿರುತ್ತದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಣ್ಣೆ ಸಸಿಗಳಲ್ಲಿ ಹತ್ತಕ್ಕೆ ಎಂಟನ್ನು ಎಳೆಯದಿದ್ದಾಗಲೇ ಕಿತ್ತು ಪಲ್ಯ ಮಾಡಿ. ಪಕ್ಕದಲ್ಲೇ ರಾಗಿ, ಜೋಳದ ಹೊಲವಿದ್ದರೆ ಅಣ್ಣೆಯನ್ನು ಅಂಗಳಕ್ಕೆ ತರಲೇಬೇಡಿ, ಅದರ ಜಾಗಕ್ಕೆ ಹುಚ್ಚೆಳ್ಳು ಬಿತ್ತಿ. ಹಳದಿ ಹೂವಿಗೆ ಹೂವೂ ಆಯಿತು, ಜೇನಿಗೆ ಮೇವೂ ಆಯಿತು, ಚಟ್ನಿಪುಡಿಗೆ ಕಾಳೂ ಆಯಿತು.

ನೆಲವಿಲ್ಲದವರಿಗೆ

ತಾರಸಿಯ ಕುಂಡದಲ್ಲಿ ತಂಗಡಿ ಬೇಡ. ವಿಷ್ಣುಕ್ರಾಂತಿ, ತುಂಬೆ, ಶಂಖಪುಷ್ಪ ಆಗುತ್ತವೆ. ಕನಿಷ್ಠ ಹನ್ನೆರಡು ಇಂಚಿನ ಕುಂಡ, ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ಮರಳು, ಅರ್ಧ ಪಾಲು ಎಲೆಗೊಬ್ಬರ. ನೆನಪಿಡಿ, ಕುಂಡದಲ್ಲಿ ಬೇರಿಗೆ ಇಳಿಯಲು ಆಳವಿಲ್ಲ. ನೆಲದಲ್ಲಿ ತಿಂಗಳು ತಾಳುವ ಗಿಡ ಇಲ್ಲಿ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನೀರು ಕೇಳುತ್ತದೆ.

10. ಬೀಜ ಎತ್ತಿಡುವುದು

ಕೂಡಿಸಿದ ಬೀಜವನ್ನು ಪತ್ರಿಕೆಯ ಮೇಲೆ ನೆರಳಲ್ಲಿ ಒಂದು ವಾರ ಒಣಗಿಸಿ. ತಂಗಡಿ ಬೀಜಕ್ಕೆ ಮಾತ್ರ ಎರಡು ದಿನ ಬಿಸಿಲು ತೋರಿಸಿ. ಅದರೊಳಗೆ ಮೊದಲೇ ಮೊಟ್ಟೆ ಇಟ್ಟಿರುವ ಕಾಳುಹುಳು ಡಬ್ಬಿಯಲ್ಲಿ ಹೊರಬಂದು ಎಲ್ಲವನ್ನೂ ತೂತು ಮಾಡುತ್ತದೆ. ತೂತು ಬಿದ್ದವನ್ನು ಆಯ್ದು ಎಸೆಯಿರಿ, ಉಳಿದವಕ್ಕೆ ಒಲೆ ಬೂದಿ ಬೆರೆಸಿ. ಪ್ಲಾಸ್ಟಿಕ್ ಚೀಲ ಬೇಡ, ಕಾಗದದ ಲಕೋಟೆಯೇ ಸರಿ. ಮೇಲೆ ಗಿಡದ ಹೆಸರು, ಕೂಡಿಸಿದ ಜಾಗ, ತಿಂಗಳು ಬರೆದು, ಒಣ ಬೇವಿನೆಲೆ ಹಾಕಿದ ಡಬ್ಬಿಯಲ್ಲಿಟ್ಟು, ಭರಣಿ ಮಳೆಯ ಹೊತ್ತಿಗೆ ಒಮ್ಮೆ ತೆರೆದು ನೋಡಿ.